ನಾಲ್ಕನೇ ಪಾಳಿ

ಕೋಲಾರದ ಚಿನ್ನದ ಗಣಿ ಕೆಜಿಎಫ್‌ಗೆ ದಿನಕ್ಕೆ ಮೂರು ಪಾಳಿ ಇತ್ತು. ಕಂಪನಿಗೆ ಮಾರಿದ ಗಂಟೆಗಳ ಆಚೆ ತಮಗೆಂದೇ ಇನ್ನೊಂದು ಪಾಳಿ ಉಳಿಸಿಕೊಂಡು ಪತ್ರಿಕೆ ನಡೆಸಿದವರೂ ಈ ಊರಲ್ಲೇ ಇದ್ದರು. ಬರೆಯಬೇಕು, ಹಾಡಬೇಕು, ಸಿನಿಮಾ ಮಾಡಬೇಕು ಎಂದು ಹಂಬಲಿಸುವ ಇವತ್ತಿನ ಹುಡುಗನಿಗೆ ಅವರ ಕತೆಯಲ್ಲಿ ಏನಿದೆ?

1960ರ ದಶಕದ ಆರಂಭದಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲಮಟ್ಟದಿಂದ ಎರಡೂವರೆ ಕಿಲೋಮೀಟರಿಗೂ ಕೆಳಗೆ, ವಿಜ್ಞಾನಿಗಳು ಒಂದು ಉಪಕರಣ ಹೂಡಿ ಕಾದರು. ವಾರ ಕಳೆಯಿತು, ತಿಂಗಳಾಯಿತು, ಎರಡು ತಿಂಗಳಾಗುತ್ತ ಬಂತು. ಉಪಕರಣ ಒಂದು ಸಲವೂ ಮಿಸುಕಲಿಲ್ಲ. ಬೇರೆಯವರಾಗಿದ್ದರೆ ಕೆಲಸ ಕೆಟ್ಟಿತೆಂದು ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಸಮಾಧಾನವಾಯಿತು. ಹುಡುಕುತ್ತಿದ್ದ ಜಾಗ ಸಿಕ್ಕಿತ್ತು.

ಆಕಾಶದಿಂದ ಮ್ಯೂಆನ್ ಎಂಬ ಕಣಗಳ ಜಡಿಮಳೆ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಈ ಪುರವಣಿ ಹಿಡಿದಿರುವ ನಿಮ್ಮ ಅಂಗೈಯನ್ನೂ ಸೆಕೆಂಡಿಗೆ ಸುಮಾರು ಒಂದು ಕಣ ತೂರಿಕೊಂಡು ಹೋಗುತ್ತಿದೆ. ಮನೆಯ ಸೂರು ಅದನ್ನು ತಡೆಯದು. ಇಷ್ಟು ಗದ್ದಲದ ನಡುವೆ ನ್ಯೂಟ್ರಿನೊ ಎಂಬ ಮಹಾಸಂಕೋಚದ ಕಣದ ಸುಳಿವು ಹಿಡಿಯುವುದೆಂದರೆ ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಗದ್ದಲವನ್ನು ತಡೆಯಲು ಬಂಡೆಯೇ ಬೇಕು, ಅದೂ ಕಿಲೋಮೀಟರುಗಟ್ಟಲೆ. ನಂಜನಗೂಡಿನವರಾದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಈ ಗಣಿಗಳಿಗೆ ಇಳಿದು ಆಳ ಹೆಚ್ಚಿದಂತೆ ಕಣಗಳು ಎಷ್ಟು ಕಡಿಮೆಯಾಗುತ್ತವೆಂದು ಅಳೆಯತೊಡಗಿದ್ದರು. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ದಾಖಲಿಸಿತು. ಅದೇ ವರ್ಷ ಇನ್ನೊಂದು ತಂಡಕ್ಕೂ ಅದು ದಕ್ಕಿತು, ದಕ್ಷಿಣ ಆಫ್ರಿಕಾದ ಈಸ್ಟ್ ರ್‍ಯಾಂಡ್ ಎಂಬ ಚಿನ್ನದ ಗಣಿಯಲ್ಲಿ.

ಎರಡೂ ಚಿನ್ನದ ಗಣಿ. ಎರಡೂ ಕಡೆ ವಿಜ್ಞಾನಿಗಳಿಗೆ ಬೇಕಿದ್ದ ಮೌನ ಮೊದಲೇ ತೋಡಿಟ್ಟಿತ್ತು. ತೋಡಿದವರು ಅಲ್ಲಿ ಕಪ್ಪು ಜನ, ಇಲ್ಲಿ ದಲಿತರು. ಉಪಕರಣ ಕಾಯುತ್ತಿದ್ದ ಅಷ್ಟೂ ದಿನ ಕೇಜು ಇಳಿಸುವವರು, ನೀರು ಮೇಲಕ್ಕೆ ಹಾಕುವವರು, ಗಾಳಿಯ ದಾರಿ ಕಾಯುವವರು ಪಾಳಿ ತಪ್ಪಿಸದೆ ದುಡಿಯುತ್ತಿದ್ದರು. ಮೌನಕ್ಕೂ ಕೂಲಿಯವರು ಬೇಕು.

ಈ ಮಾತನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನದನ್ನು ಹೇಳಬೇಕು. ಏಕೆಂದರೆ ಬರೆಯುವ ಹುಡುಗರಿಗೆ ಎಲ್ಲರೂ ಕೊಡುವ ಉಪದೇಶ ಒಂದೇ: ಬಿಟ್ಟುಬಿಡು. ಫೋನು ಬಿಡು, ಗೆಳೆಯರನ್ನು ಬಿಡು, ಸಿನಿಮಾ ಬಿಡು, ಹುಡುಗಿಯ ಗುಂಗು ಬಿಡು, ಒಂದು ಗುರಿ ಹಿಡಿ. ಕನ್ನಡದಲ್ಲಂತೂ ಬಿಡುವು ಎನ್ನುವ ಪದವೇ ಬಿಡು ಎನ್ನುವುದರಿಂದ ಬಂದದ್ದು. ಏನನ್ನಾದರೂ ಬಿಟ್ಟವನಿಗೇ ಬಿಡುವು. ಆದರೆ ಬಿಟ್ಟ ಮೇಲೆ ಸಿಕ್ಕ ಆ ಹೊತ್ತನ್ನು ಎಲ್ಲಿಡಬೇಕು? ಒಂದೇ ಕೋಣೆಯ ಮನೆಯಲ್ಲಿ ಏಳು ಜನರ ನಡುವೆ ಹುಟ್ಟಿದವನಿಗೆ ಈ ಪ್ರಶ್ನೆ ಮೊದಲು ಎದುರಾಗುತ್ತದೆ.

ಹೆಬ್ಬೆಟ್ಟು ಮತ್ತು ಅಚ್ಚುಮೊಳೆ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ಗೆ ಬಂದ ಮೇಲೆ ಗಣಿಗಾರಿಕೆಗೆ ವೇಗ ಸಿಕ್ಕಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಓಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಯ ಯಂತ್ರಗಳಿಗೆ ವಿದ್ಯುತ್ ತಂದರು. ಯಂತ್ರಕ್ಕೆ ಬಂದ ಬೆಳಕು ಕೂಲಿ ಲೈನುಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಸಾಹೇಬರ ಬಂಗಲೆ, ಕ್ಲಬ್ಬುಗಳ ಕಡೆ ಊರು ಪುಟ್ಟ ಇಂಗ್ಲೆಂಡು. ಲೈನುಗಳ ಕಡೆ ಬಿದಿರು ತಟ್ಟಿಯ ಗುಡಿಸಲು, ಸೀಮೆಎಣ್ಣೆ ಬುಡ್ಡಿ.

ಸುರಂಗಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಆಳದ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಬಂಡೆ ತಾನಾಗಿ ಸಿಡಿದರೆ ಒಳಗಿದ್ದವರ ಕತೆ ಮುಗಿದಂತೆ. ಸಿಡಿಯದಿದ್ದರೂ ದೂಳು ಶ್ವಾಸಕೋಶದಲ್ಲಿ ಕೂತು ನಿಧಾನವಾಗಿ ತನ್ನ ಕೆಲಸ ಮಾಡುತ್ತಿತ್ತು. ಎಂಟು ಗಂಟೆ ಅದರೊಳಗಿದ್ದು ಮೇಲೆ ಬಂದವನಿಗೆ ಕಣ್ಣೆದುರು ಕಾಣುತ್ತಿದ್ದುದು ಸೇಂದಿ, ಸಾರಾಯಿ ಅಂಗಡಿ. ಅದನ್ನು ಚಟ ಎಂದುಬಿಡುವುದು ಸುಲಭ. ಮರುದಿನ ಮತ್ತೆ ಅದೇ ಗುಂಡಿಗೆ ಇಳಿಯಬೇಕಾದವನಿಗೆ ಮರೆವೂ ಒಂದು ಔಷಧ.

ಇಂಥ ಊರಿಗೆ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಒಂದು ವಿಚಾರ ಬಂತು. ಮದ್ರಾಸಿನ ಸಿದ್ಧವೈದ್ಯ ಅಯೋತ್ತಿ ದಾಸ್ (1845–1914) 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧರಾಗಿ ಬಂದಿದ್ದರು. ನಾವು ಜಾತಿಯ ಏಣಿಯ ಕೆಳಗಿನ ಮೆಟ್ಟಿಲಲ್ಲ, ಜಾತಿಯೇ ಇಲ್ಲದ ಪೂರ್ವಬೌದ್ಧರು ಎನ್ನುವುದು ಅವರ ವಾದ. 1907ರ ಜೂನ್ 19ರಂದು ಅವರು ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ತೆಗೆದರು. ಹೆಸರೇ ಬೆಲೆಯನ್ನು ಹೇಳುತ್ತಿತ್ತು. ಅವರ ಬೌದ್ಧ ಸಂಘಕ್ಕೆ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಗಟ್ಟಿ ನೆಲೆ ಸಿಕ್ಕಿತು. ಗಣಿಯ ಗುಮಾಸ್ತರು, ಮೇಸ್ತ್ರಿಗಳು, ಕೂಲಿಗಳು ಅದರ ಸದಸ್ಯರಾದರು.

ಅಯೋತ್ತಿ ದಾಸ್ ತೀರಿಕೊಂಡ ಮೇಲೆ ಪತ್ರಿಕೆ ನಿಂತುಹೋಯಿತು. ಅದಕ್ಕೆ ಮತ್ತೆ ಜೀವ ಬಂದದ್ದು ಮದ್ರಾಸಿನಲ್ಲಲ್ಲ, 1926ರಲ್ಲಿ ಕೆಜಿಎಫ್‌ನಲ್ಲಿ. ಸಂಪಾದಕರು ಜಿ. ಅಪ್ಪಾದುರೈಯಾರ್ (1890–1961). 1930ರ ದಶಕದ ನಡುವಿನವರೆಗೂ ‘ತಮಿಳನ್’ ಇಲ್ಲಿಂದ ಹೊರಟಿತು. ಸಿದ್ಧಾರ್ಥನ ಹೆಸರಿನ ಪ್ರಕಾಶನವೊಂದು ಅಯೋತ್ತಿ ದಾಸರ ಬರಹಗಳನ್ನು ಪುಸ್ತಕ ಮಾಡಿತು.

ಆಗಿನ ಮುದ್ರಣವೆಂದರೆ ಗುಂಡಿ ಒತ್ತಿದರೆ ಬರುವಂಥದ್ದಲ್ಲ. ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ತಿರುಗುಮುರುಗಾಗಿ ಜೋಡಿಸಿ, ಬಿಗಿದು, ಮಸಿ ಬಳಿದು, ಕರಡು ತಿದ್ದಿ, ಮತ್ತೆ ಒತ್ತಬೇಕು. ಮುಗಿದ ಮೇಲೆ ಮೊಳೆಗಳನ್ನು ಅವುಗಳ ಖಾನೆಗೆ ಹಿಂದಿರುಗಿಸಬೇಕು. ಒಂದು ಪುಟಕ್ಕೆ ಸಾವಿರಾರು ಮೊಳೆ. ವಾರಪತ್ರಿಕೆಯೆಂದರೆ ಇದು ವಾರವಾರ. ಬರೆಯುವವನ ಮನಸ್ಸು ಸರಿಯಿಲ್ಲ ಎಂದರೆ ಗಡುವು ಕೇಳುವುದಿಲ್ಲ.

ಇದೇ ವರ್ಷಗಳಲ್ಲಿ ಗಣಿ ಕಂಪನಿಗೂ ಕಾರ್ಮಿಕರಿಗೂ ಒಂದು ದೊಡ್ಡ ಜಗಳ ನಡೆಯಿತು. 1930ರಲ್ಲಿ ಕಂಪನಿಗಳು ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆದುಕೊಂಡು ನೋಂದಾಯಿಸಲು ಹೊರಟವು. ಕಾರ್ಮಿಕರು ಒಪ್ಪಲಿಲ್ಲ, ಮುಷ್ಕರ ಹೂಡಿದರು. ಚರಿತ್ರಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ಈ ಹೋರಾಟದ ವಿವರಗಳಿವೆ. ಹೆಬ್ಬೆಟ್ಟು ಎಂದರೆ ನಮ್ಮಲ್ಲಿ ಅಕ್ಷರವಿಲ್ಲದವನು ಎಂದೇ ಅರ್ಥ. ಕಂಪನಿಗೆ ಇವರ ಬೆರಳಿನ ಅಚ್ಚು ಬೇಕಿತ್ತು. ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ, ಇವರದೇ ಬೆರಳುಗಳು ಬೇರೆ ಅಚ್ಚು ಹಾಕುತ್ತಿದ್ದವು.

ಅವರು ಬಿಟ್ಟದ್ದೇನು?

ಬೌದ್ಧರಾದವರು ಒಪ್ಪಿಕೊಂಡ ಪಂಚಶೀಲದಲ್ಲಿ ಐದನೆಯದು ಮಾದಕ ಪಾನದಿಂದ ದೂರವಿರುವುದು. ಆ ಶೀಲದ ಪಾಲಿ ಭಾಷೆಯ ಪಠ್ಯದಲ್ಲಿ ‘ಪಮಾದ’ ಎಂಬ ಮಾತು ಬರುತ್ತದೆ, ಸಂಸ್ಕೃತದ ಪ್ರಮಾದ. ಕನ್ನಡದಲ್ಲಿ ನಾವದನ್ನು ದೊಡ್ಡ ತಪ್ಪು ಎಂಬ ಅರ್ಥಕ್ಕೆ ಸರಿಸಿಬಿಟ್ಟಿದ್ದೇವೆ. ಮೂಲದಲ್ಲಿ ಅದು ಎಚ್ಚರಗೇಡಿತನ. ಹೆಂಡದ ಮೇಲೆ ಬುದ್ಧನಿಗೆ ಇದ್ದ ದೂರು ಅದು ಎಚ್ಚರವನ್ನು ಕಸಿಯುತ್ತದೆ ಎನ್ನುವುದು. ಇದಕ್ಕೆ ಎದುರಾದದ್ದು ‘ಅಪ್ಪಮಾದ’, ಎಚ್ಚರ. ಬುದ್ಧನ ಕೊನೆಯ ಮಾತಿನಲ್ಲೂ ಈ ಪದವೇ ಇತ್ತೆಂದು ಬೌದ್ಧ ಗ್ರಂಥಗಳು ಹೇಳುತ್ತವೆ.

ಗಣಿಯಲ್ಲಿ ದುಡಿಯುವವನಿಗೆ ಎಚ್ಚರದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿವಿ ತುಸು ಮಂದವಾದರೆ ಬಂಡೆ ಬಿರಿಯುವ ಸದ್ದು ತಪ್ಪುತ್ತದೆ. ಕೆಳಗೆ ಜೀವ ಉಳಿಸುತ್ತಿದ್ದ ಈ ಎಚ್ಚರವನ್ನು ಮೇಲೆ, ಬುಡ್ಡಿಯ ಬೆಳಕಿನಲ್ಲಿ, ಅಕ್ಷರಕ್ಕೆ ತಿರುಗಿಸುವುದು ಸಂಘದ ಕೆಲಸವಾಯಿತು. ಓದು ಬಲ್ಲವನೊಬ್ಬ ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುವ ಕಾಲ ಅದು. ಒಂದು ಪೈಸೆಯ ಪತ್ರಿಕೆಗೆ ಎಷ್ಟು ಓದುಗರು ಎನ್ನುವುದನ್ನು ಪ್ರತಿಗಳ ಲೆಕ್ಕದಿಂದ ಅಳೆಯಲಾಗದು.

ಅವರು ಬಿಟ್ಟದ್ದು ಹೆಂಡವೊಂದನ್ನೇ ಅಲ್ಲ. ಪಾಳಿ ಮುಗಿಸಿ ಬಂದ ಗುಂಪಿನ ಜೊತೆ ಕೂರುವ ಹಕ್ಕನ್ನು ಬಿಟ್ಟರು. ಗುಡಿಯ ಉತ್ಸವ, ಬಲಿ, ಅದರ ತಮಟೆ, ನೆಂಟರ ಮನೆಯ ಶಾಸ್ತ್ರಗಳಿಂದ ಹಿಂದೆ ಸರಿದರು. ಗಣಿಯ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ. ನಾಳೆ ಕೆಳಗೆ ಬಂಡೆ ಬಿದ್ದರೆ ಎಳೆದು ತೆಗೆಯುವವನು ಇವತ್ತು ಪಕ್ಕದಲ್ಲಿ ಕೂತು ಕುಡಿಯುವವನೇ. ಅವನ ಜೊತೆ ಕೂರದವನು ದೊಡ್ಡ ಮನುಷ್ಯ ಆಗಿಬಿಟ್ಟ ಎನಿಸಿಕೊಳ್ಳುತ್ತಾನೆ.

ಒಬ್ಬಂಟಿಯಾಗಿ ಇದನ್ನು ಮಾಡಿದ್ದರೆ ಅವನು ಆರು ತಿಂಗಳಲ್ಲಿ ಸೋತು ಹಳೆಯ ಗುಂಪಿಗೆ ಮರಳುತ್ತಿದ್ದ, ಇಲ್ಲವೇ ಹುಚ್ಚ ಎನಿಸಿಕೊಳ್ಳುತ್ತಿದ್ದ. ಇವರು ಸೋಲದಿದ್ದುದಕ್ಕೆ ಕಾರಣ, ಒಂದು ಗುಂಪು ಬಿಡುವ ಮೊದಲು ಇನ್ನೊಂದನ್ನು ಕಟ್ಟಿಕೊಂಡದ್ದು. ಬಿಟ್ಟ ಸಂಜೆಗೆ ಬದಲಾಗಿ ಒಂದು ವಿಹಾರ, ಒಂದು ಭಾಷಣದ ಜಾಗ, ಒಂದು ಮುದ್ರಣದ ಕೋಣೆ ಇತ್ತು. ಅಲ್ಲಿಗೆ ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿದ್ದರು. ಮನಸ್ಸಿನ ಹಿಡಿತಕ್ಕಿಂತ ಆ ಕೇಳುವಿಕೆಯೇ ದೊಡ್ಡ ಬಲ.

ಇದೇ ಊರಿನಲ್ಲಿ ಇನ್ನೊಂದು ಕತೆಯೂ ಇದೆ. ಮುಳಬಾಗಿಲಿನ ಹುಡುಗನೊಬ್ಬ ಮೆಟ್ರಿಕ್ ಫೇಲಾಗಿ ಕೆಲಕಾಲ ಕೆಜಿಎಫ್‌ನ ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿಗೆ ಹೋಗಿ ಪತ್ರಕರ್ತನಾದ. ಅವರೇ ಡಿ.ವಿ. ಗುಂಡಪ್ಪ. ಅವರ ಪರಿಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಬಡತನವನ್ನಷ್ಟೇ ದಾಟಬೇಕಿತ್ತು. ಬೆಂಗಳೂರಿನ ಯಾವ ಪತ್ರಿಕಾ ಕಚೇರಿಯ ಹೊಸ್ತಿಲೂ ಅವರನ್ನು ಜಾತಿಯ ಕಾರಣಕ್ಕೆ ತಡೆಯುವಂತಿರಲಿಲ್ಲ. ಲೈನಿನ ಹುಡುಗರಿಗೆ ಪತ್ರಿಕೆ ಸೇರುವ ದಾರಿ ಇರಲಿಲ್ಲ, ಹಾಗಾಗಿ ಪತ್ರಿಕೆಯನ್ನೇ ಮಾಡಿದರು.

ಜೋಹಾನ್ಸ್‌ಬರ್ಗಿನ ಕಪಾಟು, ಮೆಂಫಿಸ್‌ನ ಚೀಟಿ

ಇನ್ನೊಂದು ಚಿನ್ನದ ಊರು ಜೋಹಾನ್ಸ್‌ಬರ್ಗ್. ಅದರ ಬಡ ಕೇರಿಯೊಂದರಲ್ಲಿ 1919ರಲ್ಲಿ ಹುಟ್ಟಿದ ಪೀಟರ್ ಅಬ್ರಹಾಮ್ಸ್‌ಗೆ ಬರಹಗಾರನಾಗುವ ಆಸೆ. ಅವನ ಬದುಕು ತಿರುಗಿದ್ದು ಅಲ್ಲಿನ ಬಂಟು ಮೆನ್ಸ್ ಸೋಷಿಯಲ್ ಸೆಂಟರ್ ಎಂಬಲ್ಲಿದ್ದ ಪುಸ್ತಕದ ಕಪಾಟಿನ ಮುಂದೆ. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರ ಪುಸ್ತಕ ಅಲ್ಲಿ ಸಿಕ್ಕಿತು. ನನ್ನಂಥವರು ಬರೆದಿದ್ದಾರೆ, ಅದು ಅಚ್ಚಾಗಿದೆ ಎಂದು ಮೊದಲ ಸಲ ತಿಳಿದ ಬೆರಗನ್ನು ಅವನು ತನ್ನ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾನೆ. 1939ರಲ್ಲಿ ಹಡಗೊಂದರಲ್ಲಿ ಕಲ್ಲಿದ್ದಲು ತುಂಬುವ ಕೆಲಸ ಹಿಡಿದು ದೇಶ ಬಿಟ್ಟ. 1946ರಲ್ಲಿ ಬಂದ ಅವನ ‘ಮೈನ್ ಬಾಯ್’ ಕಾದಂಬರಿ ಚಿನ್ನದ ಗಣಿಯ ಕಪ್ಪು ಕಾರ್ಮಿಕನ ಕತೆ.

ಅಮೆರಿಕದ ಮೆಂಫಿಸ್‌ನಲ್ಲಿ 1920ರ ದಶಕದಲ್ಲಿ ಕಪ್ಪು ಹುಡುಗರಿಗೆ ಊರಿನ ಗ್ರಂಥಾಲಯದಿಂದ ಪುಸ್ತಕ ತರುವ ಹಕ್ಕಿರಲಿಲ್ಲ. ಕನ್ನಡಕದ ಕಂಪನಿಯಲ್ಲಿ ಸಣ್ಣ ಕೆಲಸದಲ್ಲಿದ್ದ ರಿಚರ್ಡ್ ರೈಟ್, ಜೊತೆಗೆ ದುಡಿಯುವ ಒಬ್ಬ ಬಿಳಿಯನ ಕಾರ್ಡು ಎರವಲು ಪಡೆದ. ಆ ಬಿಳಿಯನೇ ಬರೆದಂತೆ ಒಂದು ಚೀಟಿ ಗೀಚಿ, ತಾನು ಬರೀ ತಂದುಕೊಡುವ ಆಳು ಎಂದು ನಟಿಸಿ ಪುಸ್ತಕ ತಂದ. ಅವನ ಆತ್ಮಕತೆ, 1945ರ ‘ಬ್ಲ್ಯಾಕ್ ಬಾಯ್’ನಲ್ಲಿ ಈ ಪ್ರಸಂಗ ಬರುತ್ತದೆ.

ಇಬ್ಬರ ಕತೆಯನ್ನೂ ಛಲದ ಕತೆ ಎಂದು ಮಕ್ಕಳಿಗೆ ಹೇಳಬಹುದು. ಹತ್ತಿರದಿಂದ ನೋಡಿದರೆ ಅಲ್ಲಿ ಒಂದು ಕಪಾಟಿದೆ, ಇಲ್ಲಿ ಒಂದು ಕಾರ್ಡಿದೆ. ಯಾರೋ ಇಟ್ಟ ಕಪಾಟು, ಯಾರೋ ಕೊಟ್ಟ ಕಾರ್ಡು. ಛಲಕ್ಕೆ ಹಿಡಿದುಕೊಳ್ಳಲು ಅಷ್ಟಾದರೂ ಬೇಕು.

ಕನ್ನಡಕ್ಕೆ ಬಂದರೂ ಇದೇ. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿದ ಕವಿ ಸಿದ್ಧಲಿಂಗಯ್ಯ ಸ್ಮಶಾನದಲ್ಲಿ ಕೂತು ಓದುತ್ತಿದ್ದುದನ್ನು, ಬರೆಯುತ್ತಿದ್ದುದನ್ನು ತಮ್ಮ ಆತ್ಮಕತೆ ‘ಊರು ಕೇರಿ’ಯಲ್ಲಿ ತಮಾಷೆಯಾಗಿಯೇ ಹೇಳುತ್ತಾರೆ. ಊರಿನಲ್ಲಿ ದಲಿತ ಹುಡುಗನೊಬ್ಬನಿಗೆ ಯಾರೂ ಎಬ್ಬಿಸದ ಜಾಗವೆಂದರೆ ಸತ್ತವರ ಜಾಗ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದಿಂದ ಬಂದ ಪ್ರಶಾಂತ್ ಸಿದ್ದಿ ಸಿನಿಮಾದ ನಟನಾಗುವ ಮೊದಲು ಹೆಗ್ಗೋಡಿನ ನೀನಾಸಂನಲ್ಲಿ ತರಬೇತಿ ಪಡೆದರು. ಬೇರೆಲ್ಲವನ್ನೂ ಬಿಟ್ಟು ನಾಟಕವನ್ನೇ ಉಣ್ಣುವ ಅಂಥದ್ದೊಂದು ಜಾಗವನ್ನು ಮಲೆನಾಡಿನ ಹಳ್ಳಿಯೊಂದು ಕಟ್ಟಿಟ್ಟಿತ್ತು. ಕೆಜಿಎಫ್‌ಗೆ ಹತ್ತಿರದಲ್ಲೇ, ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ, ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ‘ಆದಿಮ’ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿನ ‘ಹುಣ್ಣಿಮೆ ಹಾಡು’ ತಿಂಗಳಿಗೊಮ್ಮೆ ಬರುವ ಗಡುವು. ಚಂದ್ರನೂ ನೆಪ ಕೇಳುವುದಿಲ್ಲ.

ಮನೆಯ ಲೆಕ್ಕದ ಪುಸ್ತಕ

ಚಿತ್ತ ಕದಲಿಸುವುದನ್ನು ಬಿಡು ಎನ್ನುವ ಉಪದೇಶ ಬಡವರ ಮನೆಗೆ ಬಂದಾಗ ತಲೆಕೆಳಗಾಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಪ್ಪನ ಕೆಲಸ ಹೋಯಿತು, ದೂಳು ಮಾತ್ರ ಎದೆಯಲ್ಲಿ ಉಳಿಯಿತು. ಅಂಥ ಮನೆಯ ಲೆಕ್ಕದಲ್ಲಿ ಕವಿತೆಯೇ ಕಾಲಹರಣ. ಬೆಂಗಳೂರಿನ ಕೆಲಸ, ತಿಂಗಳ ಸಂಬಳ, ತಂಗಿಯ ಮದುವೆ, ಇವೇ ಗುರಿ. ಹಾಡು ಕಟ್ಟುವ ಮಗನಿಗೆ ಅಮ್ಮ ಕೇಳುವುದು ಸರಿಯಾಗಿಯೇ ಇದೆ: ‘ಇದರಿಂದ ಒಲೆ ಉರಿಯುತ್ತೇನಪ್ಪಾ?’

ಈ ಪ್ರಶ್ನೆಗೆ ಸಿಟ್ಟಿನಿಂದ ಉತ್ತರ ಕೊಡುವ ಕಲಾವಿದರ ಕತೆಗಳು ನಮಗೆ ಇಷ್ಟ. ಎಲ್ಲರನ್ನೂ ಧಿಕ್ಕರಿಸಿ ಹೊರಟವನು ನಾಯಕ. ಆದರೆ ಅಂಥ ಅನೇಕ ಕತೆಗಳ ಹಿಂದೆ ಅಡುಗೆಮನೆಯಲ್ಲಿ ಯಾರೋ ಒಬ್ಬರು ಸುಮ್ಮನೆ ಅವನ ಪಾಲಿನ ಕೆಲಸ ಮಾಡಿರುತ್ತಾರೆ. ಹುಡುಗ ಓದುತ್ತಿದ್ದಾನೆ, ಸದ್ದು ಮಾಡಬೇಡಿ ಎಂದ ಅಮ್ಮ, ಅವನ ಸರದಿಯ ನೀರನ್ನೂ ತಾನೇ ಹಿಡಿದ ಅಕ್ಕ. ಅವನ ಏಕಾಗ್ರತೆಯಲ್ಲಿ ಅವರ ದುಡಿಮೆಯೂ ಸೇರಿದೆ. ಅದೇ ಅಕ್ಕನಿಗೆ ಒಂದು ಕತೆ ಬರೆಯಬೇಕೆನಿಸಿದರೆ ಯಾರು ನೀರು ಹಿಡಿಯುತ್ತಾರೆ? ತ್ಯಾಗ ಮಾಡಿದೆ ಎಂದು ಹೇಳಿಕೊಳ್ಳುವ ಮೊದಲು ತರುಣ ಈ ಲೆಕ್ಕವನ್ನೂ ಬರೆದಿಡಬೇಕು.

ಇನ್ನೊಂದು ತೊಡಕು ಭಾಷೆಯದು. ಕೆಜಿಎಫ್ ಹುಡುಗನ ಮನೆಮಾತು ತಮಿಳು, ಅಥವಾ ತೆಲುಗು. ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್. ಕನ್ನಡದ ಸಾಹಿತ್ಯಲೋಕ ಅವನನ್ನು ತಮಿಳನೆಂದುಕೊಳ್ಳುತ್ತದೆ, ಚೆನ್ನೈಗೆ ಅವನು ಕರ್ನಾಟಕದವನು. ಎರಡೂ ಕಡೆಯ ಸಿನಿಮಾ ಅವನ ಊರನ್ನು ಬಳಸಿಕೊಂಡಿದೆ. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳು ಊರಿನ ಹೆಸರನ್ನು ದೇಶದ ಬಾಯಲ್ಲಿ ಇಟ್ಟವು. 2024ರಲ್ಲಿ ಪಾ. ರಂಜಿತ್ ಅವರ ‘ತಂಗಲಾನ್’ ಚಿನ್ನ ಹುಡುಕಿಕೊಂಡು ಬಂದ ದಲಿತರ ಕತೆಯನ್ನೇ ಕೈಗೆತ್ತಿಕೊಂಡಿತು. ಆದರೂ ಗಣಿಯ ಕಸ ಸುರಿದ ಸೈನೈಡ್ ಗುಡ್ಡದ ಬೂದು ದೂಳನ್ನು ಉಸಿರಾಡಿ ಬೆಳೆದವನು ತಾನೇ ಹೇಳಬೇಕಾದ ಕತೆ ಬಾಕಿ ಇದೆ.

ಹಾಗಾದರೆ ಅವನು ಏನನ್ನು ಬಿಡಬೇಕು? ಲೈನಿನ ಜಗಳ, ಸಾವಿನ ಮನೆಯ ತಮಟೆ, ಚರ್ಚಿನ ಹಾಡು, ರಾಬರ್ಟ್‌ಸನ್‌ಪೇಟೆಯ ಚಹಾ ಅಂಗಡಿಯ ಹರಟೆ ಎಲ್ಲವನ್ನೂ ಬಿಟ್ಟು ಬಾಗಿಲು ಹಾಕಿಕೊಂಡರೆ ಬರೆಯಲು ಅವನ ಬಳಿ ಉಳಿಯುವುದೇನು? ಅದಿರು ಅಲ್ಲೇ ಇದೆ. ಈ ಗಣಿ ತನ್ನ ಜೀವಮಾನದಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಪುಡಿಮಾಡಿ ಹೊರಗೆಸೆದ ಕಲ್ಲು ಕೋಟಿಗಟ್ಟಲೆ ಟನ್, ಗುಡ್ಡಗಳಾಗಿ ಇನ್ನೂ ನಿಂತಿದೆ. ಯಾವುದು ಅದಿರು, ಯಾವುದು ಬರೀ ಕಲ್ಲು ಎಂದು ಅಗೆಯುವ ಮೊದಲೇ ಹೇಳಿಬಿಡುವವನನ್ನು ಗಣಿಯವರು ನಂಬುವುದಿಲ್ಲ. ಹರಟೆಯಿಂದ ಎದ್ದು ಬಂದ ಮೇಲೆ ಅದರಲ್ಲಿ ಒಂದು ವಾಕ್ಯವಾದರೂ ಕಿವಿಯಲ್ಲಿ ಉಳಿದಿದ್ದರೆ ಆ ಹರಟೆ ವ್ಯರ್ಥವಾಗಿಲ್ಲ. ಎರಡು ಗಂಟೆ ಫೋನಿನ ಪರದೆ ಸರಿಸಿ ಏನು ನೋಡಿದೆನೆಂದು ನೆನಪಾಗದಿದ್ದರೆ ಅದೇ ಪ್ರಮಾದ, ಹಳೆಯ ಅರ್ಥದಲ್ಲಿ.

ಮಾರಿಕುಪ್ಪಂ ರೈಲಿನಲ್ಲಿ

ಬೆಳಗಿನ ಜಾವ ಮಾರಿಕುಪ್ಪಂ ಬಿಟ್ಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುತ್ತದೆ. ಹೆಸರುಗಳೆಲ್ಲ ಗಣಿಯ ಕಾಲದವು, ಕಾರ್ಖಾನೆಯ ಕಾಲದವು. ಹತ್ತುವವರು ಬೆಂಗಳೂರಿನ ಮಾಲು, ಆಸ್ಪತ್ರೆ, ಗೋದಾಮು, ಸೆಕ್ಯುರಿಟಿ, ಕಾಲ್ ಸೆಂಟರುಗಳಿಗೆ ದುಡಿಯಲು ಹೊರಟವರು. ಅಜ್ಜ ಕೇಜಿನಲ್ಲಿ ಕೆಳಗಿಳಿಯುತ್ತಿದ್ದ, ಮೊಮ್ಮಗ ಬೋಗಿಯಲ್ಲಿ ಅಡ್ಡ ಹೋಗುತ್ತಾನೆ. ಹೋಗಲು ಎರಡು ಗಂಟೆಗೂ ಮಿಗಿಲು, ಬರಲು ಅಷ್ಟೇ.

ದಿನಕ್ಕೆ ನಾಲ್ಕು ಗಂಟೆಯೆಂದೇ ಹಿಡಿಯೋಣ. ತಿಂಗಳಿಗೆ 25 ದಿನದಂತೆ 100 ಗಂಟೆ, ವರ್ಷಕ್ಕೆ 1,200. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ 150 ಪಾಳಿ. ಇಷ್ಟು ಹೊತ್ತು ಯಾರ ಲೆಕ್ಕಕ್ಕೂ ಸೇರದೆ ಹಳಿಯ ಮೇಲೆ ಉರುಳಿ ಹೋಗುತ್ತದೆ. ಎಲ್ಲವನ್ನೂ ಬರಹಕ್ಕೆ ಕೊಡು ಎಂದು ಹೇಳಲು ಬಾಯಿ ಬರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮನೆ ಸೇರಿ ನಾಲ್ಕಕ್ಕೆ ಎದ್ದವನಿಗೆ ರೈಲಿನ ನಿದ್ದೆ ಸೋಮಾರಿತನವಲ್ಲ. ಕಿಟಕಿಗೆ ತಲೆ ಆನಿಸಿ ಮಲಗಿದವನನ್ನು ಎಬ್ಬಿಸಿ ಗುರಿಯ ಬಗ್ಗೆ ಭಾಷಣ ಮಾಡುವುದು ಕ್ರೌರ್ಯ.

ಬೆಳಿಗ್ಗೆ ನಿದ್ದೆಗೆ ಬಿಟ್ಟು ಸಂಜೆಯ ಅರ್ಧ ಗಂಟೆ? ಇಸ್ಪೀಟಿನ ಗುಂಪಿಗೆ ಬೋಗಿಯಲ್ಲಿ ಖಾಯಂ ಜಾಗವಿರುತ್ತದೆ. ಒಬ್ಬ ಬರದಿದ್ದರೆ ಎಲ್ಲಿ ಅವನು ಎಂದು ಕೇಳುತ್ತಾರೆ. ಹಾಗೆಯೇ ಬರೆಯುವ ಮೂವರು, ಹಾಡು ಕಟ್ಟುವ ಇಬ್ಬರು ಒಂದು ಮೂಲೆಯನ್ನು ತಮ್ಮದಾಗಿಸಿಕೊಂಡರೆ ಅದೂ ಒಂದು ವಿಹಾರವೇ. ಬೆಂಗಳೂರಿನಿಂದ ಬಂದವನೊಬ್ಬ ಮಾಲೂರಿನಲ್ಲಿ ಹತ್ತುವವನಿಗೆ ನಿನ್ನೆಯ ಪುಟ ಎಲ್ಲಿ ಎಂದು ಕೇಳುವಂತಾಗಬೇಕು. 1926ರಲ್ಲಿ ಪತ್ರಿಕೆಯನ್ನು ಎಬ್ಬಿಸಿದವರ ಬಳಿ ಇದ್ದದ್ದೂ ಇಂಥ ಮೂಲೆಯೇ, ಜೊತೆಗೆ ಅಚ್ಚುಮೊಳೆ. ಇವತ್ತು ಮೊಳೆಯ ಕೆಲಸವನ್ನು ಜೇಬಿನ ಫೋನು ಮಾಡುತ್ತದೆ. ಚಿತ್ತ ಕದಿಯುವುದೂ ಅದೇ, ಅಚ್ಚು ಹಾಕುವುದೂ ಅದೇ. ಈ ಪೀಳಿಗೆಯ ಕಷ್ಟ ಇದು. ಸೇಂದಿ ಅಂಗಡಿಯೂ ಮುದ್ರಣಾಲಯವೂ ಒಂದೇ ಬಾಗಿಲಿನೊಳಗಿವೆ.

ಒಂದು ಪೈಸೆಯ ಪತ್ರಿಕೆ ಎಲ್ಲಿಗೆ ತಲುಪಿತು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಹಳೆಯ ಬೌದ್ಧ ಕುಟುಂಬಗಳು ಕಾಪಿಟ್ಟ ಪ್ರತಿಗಳನ್ನು ಆಧರಿಸಿ ಸಂಶೋಧಕ ಜಿ. ಅಲೋಷಿಯಸ್ 1999ರಲ್ಲಿ ಅಯೋತ್ತಿ ದಾಸರ ಬರಹಗಳ ಸಂಪುಟಗಳನ್ನು ಹೊರತಂದರು. ಜಾತಿಯಿಲ್ಲದವರು ಎಂಬ ಅಯೋತ್ತಿ ದಾಸರ ಮಾತಿನಿಂದಲೇ ಚೆನ್ನೈನ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಹೆಸರು ಪಡೆಯಿತು. ಕಪ್ಪು ಅಮೆರಿಕದ ರ್‍ಯಾಪ್ ಮತ್ತು ಮದ್ರಾಸಿನ ಗಾನಾ ಅದರಲ್ಲಿ ಒಂದಾದವು. ಮಾರಿಕುಪ್ಪಂ ರೈಲಿನ ಹುಡುಗನ ಇಯರ್‌ಫೋನಿನಲ್ಲಿ ಆ ಹಾಡು ಬಂದರೆ, ತನ್ನ ಮುತ್ತಜ್ಜನ ಕಾಲದವರು ಬುಡ್ಡಿಯ ಬೆಳಕಿನಲ್ಲಿ ಜೋಡಿಸಿದ ಮೊಳೆಗಳ ಸದ್ದೂ ಅದರೊಳಗಿದೆ ಎನ್ನುವುದು ಅವನಿಗೆ ತಿಳಿಯದೇ ಇರಬಹುದು.

ಸಂಜೆಯ ರೈಲು ಬಂಗಾರಪೇಟೆಗೆ ಬಂದಾಗ ಕೆಲವರು ಇಳಿದು ಪಾನಿಪೂರಿ ಅಂಗಡಿಯತ್ತ ನಡೆಯುತ್ತಾರೆ. ಇಲ್ಲಿನ ಪಾನಿಯ ವಿಶೇಷ ಎಲ್ಲರಿಗೂ ಗೊತ್ತು. ನೋಡಿದರೆ ಬರೀ ನೀರಿನಂತೆ ತಿಳಿ, ಬಾಯಿಗಿಟ್ಟರೆ ಖಾರ. ಗೆಳೆಯರ ಜೊತೆ ಒಂದು ಪ್ಲೇಟು ತಿನ್ನಲಿ. ಅದನ್ನೂ ಬಿಡು ಎನ್ನುವ ಗುರುವಿನ ಬಗ್ಗೆ ನನಗೆ ಅನುಮಾನ.

ಆಮೇಲೆ ಪುಟ ತೆರೆದು ಕೂತಾಗ ಏನೂ ಬರದೆ ಹೋಗಬಹುದು. ಮರುದಿನವೂ, ಮರುವಾರವೂ. ಚಾಂಪಿಯನ್ ರೀಫಿನ ಆಳದಲ್ಲಿ ಎರಡು ತಿಂಗಳು ಒಂದು ಎಣಿಕೆಯೂ ಬರಲಿಲ್ಲ. ಆ ಶೂನ್ಯವನ್ನು ಅವರು ಸೋಲೆಂದು ಬರೆದುಕೊಳ್ಳಲಿಲ್ಲ, ಗದ್ದಲ ನಿಂತಿದೆ ಎಂದು ಬರೆದುಕೊಂಡರು. ಅಷ್ಟು ದಿನ ಅವರು ಕಾಯಬಲ್ಲವರಾದದ್ದು ಮೇಲೆ ಯಾರೋ ಪಾಳಿಗೆ ತಪ್ಪದೆ ಬಂದು ಕೇಜಿನ ಹಗ್ಗ ನೋಡಿಕೊಳ್ಳುತ್ತಿದ್ದುದರಿಂದ.